ನಾಲ್ಕನೇ ಸೀಟು ಮತ್ತು ನನ್ನ ಸೊಂಟ

ಮೊನ್ನೆ ಭಾನುವಾರ ತಂಗಿಯ ಮಗ ಡೊಂಬಿವಲಿಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಇಪ್ಪತ್ತಾರರ ಹುಡುಗ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷದ ಕೆಳಗೆ ಮುಂಬಯಿಗೆ ಬಂದ. ಬದಲಾಪುರದಲ್ಲಿ ಮೂವರು ಗೆಳೆಯರ ಜೊತೆ ಬಾಡಿಗೆ ಮನೆ, ಲೋವರ್ ಪರೇಲಿನಲ್ಲಿ ಕೆಲಸ. ಊಟಕ್ಕೆ ಕೂರುವಾಗ ನೋಡುತ್ತೇನೆ, ಎರಡೂ ಕೈ ಟೇಬಲ್ಲಿಗೆ ಊರಿ, ಮುಖ ಕಿವಿಚಿ, ನಮ್ಮ ಅಜ್ಜ ಜಗುಲಿಯ ಮೇಲೆ ಕೂರುತ್ತಿದ್ದ ಹಾಗೆ ನಿಧಾನವಾಗಿ ಕೂತ. ಏನೋ ಇದು ಅಂದರೆ ಅಂಗಿ ಎತ್ತಿ ತೋರಿಸಿದ. ಸೊಂಟಕ್ಕೆ ಅಗಲವಾದ ಬೆಲ್ಟು! ಬ್ಯಾಗಿನಲ್ಲಿ ನೋವಿನ ಮಾತ್ರೆಯ ಪಟ್ಟಿ ಬೇರೆ...

"ಇದು ಕಟ್ಟಿಕೊಂಡ್ರೆ ಗಾಡಿಯಲ್ಲಿ ನಿಲ್ಲೋಕಾಗುತ್ತೆ ಮಾವ. ಮುಂಬೈ ಅಂದ್ಮೇಲೆ ಇದೆಲ್ಲ ಇದ್ದದ್ದೇ ಅಲ್ವಾ?"

ಬೆಲ್ಟಿಗಿಂತ ಆ "ಇದ್ದದ್ದೇ ಅಲ್ವಾ" ನನ್ನನ್ನು ಹೆಚ್ಚು ಚುಚ್ಚಿತು. ಯಾಕೆಂದರೆ ಅದನ್ನು ಅವನಿಗೆ ಕಲಿಸಿದವರು ನಾವೇ. ಊರಿಗೆ ಹೋದಾಗಲೆಲ್ಲ ಲೋಕಲ್ ಗಾಡಿಯ ಗರ್ದಿಯನ್ನು ಯುದ್ಧದ ಕಥೆಯ ಹಾಗೆ ಹೇಳಿದವರು ನಾವು. ಓಡುವ ಗಾಡಿಗೆ ಹಾರಿ ಸೀಟು ಹಿಡಿದದ್ದು, ಒಂದೇ ಕಾಲಿನ ಮೇಲೆ ಠಾಣೆಯಿಂದ ದಾದರದವರೆಗೆ ನಿಂತದ್ದು, ಇದನ್ನೆಲ್ಲ ಹೇಳಿ ಬೀಗಿದವರು. ಬೆನ್ನು ನೋವನ್ನೂ ತಿಂಗಳ ಪಾಸಿನ ಹಾಗೆ ಮುಂಬಯಿ ವಾಸದ ಗುರುತು ಮಾಡಿಕೊಂಡಿದ್ದೇವೆ. ನನ್ನನ್ನು ಕೇಳಿದರೆ ಇದು ಶುದ್ಧ ತಪ್ಪು. ಗಾಡಿಯ ಗರ್ದಿ ನಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ನಾನು ಕಂಡ ಮಟ್ಟಿಗೆ ಸೊಂಟ ಕೆಡುವುದು ಗರ್ದಿಯ ನಡುವೆ ಸಿಕ್ಕಿಕೊಂಡು ನಿಂತಾಗ ಅಲ್ಲ. ಅದಕ್ಕೆ ಮುಂಚೆ ಮತ್ತು ಅದರ ನಂತರ. ಆ ಮುಂಚೆಯೂ ನಂತರವೂ ಎಷ್ಟೋ ಪಾಲು ನಮ್ಮ ಕೈಯಲ್ಲೇ ಇವೆ.

ಇದನ್ನು ಹೇಳಲು ನನಗೇನು ಅಧಿಕಾರ? ಡಾಕ್ಟರಲ್ಲ, ಏನೂ ಅಲ್ಲ. 1989ರಲ್ಲಿ ಕುಮಟೆಯಿಂದ ಬಂದು, ಅಂದಿನಿಂದ ಡೊಂಬಿವಲಿ-ಫೋರ್ಟ್ ನಡುವೆ ಓಡಾಡಿಕೊಂಡಿರುವ ಒಬ್ಬ ಗುಮಾಸ್ತ. ಒಂದು ಕಡೆಗೆ ಸುಮಾರು 48 ಕಿಲೋಮೀಟರ್. ನಾನು ಬಂದಾಗ ವಿಟಿ ಆಗಿದ್ದ ಸ್ಟೇಷನ್ನು 1996ರಲ್ಲಿ ಸಿಎಸ್‌ಟಿ ಆಯಿತು, 2017ರಲ್ಲಿ ಸಿಎಸ್‌ಎಂಟಿ ಆಯಿತು. ನಾನು ಮಾತ್ರ ಅದೇ ಗಾಡಿಯಲ್ಲಿ, ಅದೇ ಡಬ್ಬಿಯಲ್ಲಿ. 2003ರ ಮಳೆಗಾಲದಲ್ಲಿ ಒಂದು ದಿನ ದಾದರದಲ್ಲಿ ಗಾಡಿ ಪೂರ್ತಿ ನಿಲ್ಲುವ ಮೊದಲೇ, ಬಲ ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು ಇಳಿದೆ. ಇಳಿದೆ ಅಂದರೆ ಹಾರಿದೆ. ಪ್ಲಾಟ್‌ಫಾರಮ್ಮು ಆಗ ಈಗಿನದಕ್ಕಿಂತ ಎಷ್ಟೋ ಕೆಳಗಿತ್ತು. ಕಾಲು ನೆಲಕ್ಕೆ ತಾಗಿದ ಕೂಡಲೇ ಸೊಂಟದಲ್ಲಿ ಒಣ ಕಡ್ಡಿ ಮುರಿದ ಹಾಗಾಯಿತು. ಅಲ್ಲೇ ಕಂಬ ಹಿಡಿದು ನಿಂತೆ. ಹಿಂದಿನಿಂದ ಬಂದ ಜನ ನನ್ನನ್ನು ಬೈದುಕೊಂಡು ಎರಡೂ ಬದಿಯಿಂದ ಹರಿದು ಹೋದರು, ಹೊಳೆ ಬಂಡೆಯನ್ನು ಸುತ್ತಿಕೊಂಡು ಹೋಗುವ ಹಾಗೆ.

ಎಂಆರ್‌ಐಯಲ್ಲಿ ಎಲ್ 4-ಎಲ್ 5 ನಡುವಿನ ಡಿಸ್ಕು ಹೊರಗೆ ಬಂದಿದೆ ಎಂದು ಗೊತ್ತಾಯಿತು. ಮೂರು ವಾರ ಹಾಸಿಗೆ ಬಿಟ್ಟು ಏಳಬೇಡಿ ಅಂದರು. ಮಲಗಿದೆ. ಮನೆಯಾಕೆ ಮಹಾನಾರಾಯಣ ತೈಲ ತಿಕ್ಕಿದಳು, ಊರಿನಿಂದ ಅಮ್ಮ ಲೇಪದ ಬೇರು ಕಳಿಸಿದಳು, ಅಮೃತಾಂಜನದ ಸೀಸೆ ಖಾಲಿಯಾಯಿತು. (ಅಮೃತಾಂಜನ ಹುಟ್ಟಿದ್ದೂ ಇದೇ ಮುಂಬಯಿಯಲ್ಲಿ, 1893ರಲ್ಲಿ. ಈ ಊರಿನಲ್ಲಿ ಆಗಲೇ ಮೈಕೈ ನೋವು ಇತ್ತು ಅಂತಾಯಿತು! :-) ) ಮೂರು ವಾರದ ಮೇಲೆ ಎದ್ದು ನಿಂತರೆ ಕಾಲಲ್ಲಿ ಶಕ್ತಿಯೇ ಇಲ್ಲ. ನೋವಿಗಿಂತ ಹೆದರಿಕೆ ಹೆಚ್ಚಾಗಿತ್ತು. ಬಗ್ಗಿದರೆ ಏನಾಗುತ್ತದೋ, ಸೀನಿದರೆ ಏನಾಗುತ್ತದೋ...

ಆ ಡಾಕ್ಟರರನ್ನು ನಾನು ದೂರುವುದಿಲ್ಲ, ಆಗ ಎಲ್ಲರೂ ಹೇಳುತ್ತಿದ್ದದ್ದೇ ಅದು. ಆದರೆ ಆಮೇಲೆ ಓದಿ ತಿಳಿದು ಹೊಟ್ಟೆ ಉರಿದದ್ದು ನಿಜ. 1986ರಲ್ಲೇ ಅಮೆರಿಕದ ರಿಚರ್ಡ್ ಡೇಯೊ ತಂಡದವರು ಬೆನ್ನು ನೋವಿಗೆ ಏಳು ದಿನ ಮಲಗಿದವರಿಗೂ ಎರಡೇ ದಿನ ಮಲಗಿದವರಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ, ಎರಡು ದಿನ ಮಲಗಿದವರು ಕೆಲಸಕ್ಕೆ ಮಾತ್ರ ಬೇಗ ಮರಳಿದರು ಎಂದು ತೋರಿಸಿದ್ದರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರ ಮೇಲೆ ಮಾಡಿದ ಅಧ್ಯಯನ ಇನ್ನೂ ಮುಂದೆ ಹೋಯಿತು: ನೋವು ತಡೆದುಕೊಳ್ಳುವಷ್ಟರ ಮಟ್ಟಿಗೆ ದಿನನಿತ್ಯದ ಕೆಲಸ ಮಾಡಿಕೊಂಡಿದ್ದವರೇ ಮಲಗಿದ್ದವರಿಗಿಂತ ಬೇಗ ಸುಧಾರಿಸಿದರು. ಈ ಸುದ್ದಿ ಹೆಲ್ಸಿಂಕಿಯಿಂದ ಡೊಂಬಿವಲಿಗೆ ಬರುವ ಹೊತ್ತಿಗೆ ನನ್ನ ಮೂರು ವಾರದ ರಜೆ ಹೋಗಿತ್ತು.

ನನ್ನನ್ನು ಮತ್ತೆ ಗಾಡಿ ಹತ್ತಿಸಿದವಳು ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ಮರಾಠಿಯವಳು. ಮೊದಲ ದಿನವೇ ಕೇಳಿದಳು, "ಕಾಕಾ, ಬೆಳಿಗ್ಗೆ ಎದ್ದದ್ದರಿಂದ ಗಾಡಿ ಹತ್ತುವ ತನಕ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ." ನಾನು ಗಾಡಿಯ ಕಥೆ ಶುರು ಮಾಡಿದರೆ ತಡೆದಳು, "ಗಾಡಿ ಆಮೇಲೆ. ಮೊದಲು ಮನೆ."

ಮನೆ ಅಂದರೆ ನೀರು. ಆಗ ನಮ್ಮ ಬಿಲ್ಡಿಂಗಿನಲ್ಲಿ ಮುನಿಸಿಪಾಲಿಟಿ ನೀರು ಬೆಳಿಗ್ಗೆ ಐದಕ್ಕೆ ಬರುತ್ತಿತ್ತು, ಆರಕ್ಕೆ ಹೋಗುತ್ತಿತ್ತು. ಎದ್ದವನೇ ಬಗ್ಗಿ ಬಕೆಟ್ಟು ತುಂಬಿಸಿ, ತಿರುಗಿ, ಡ್ರಮ್ಮಿಗೆ ಸುರಿಯುವುದು. ಹದಿನೈದು-ಇಪ್ಪತ್ತು ಬಕೆಟ್ಟು. ಅವಳು ಹಣೆ ಚಚ್ಚಿಕೊಂಡಳು. ಆಕೆ ಹೇಳಿದ್ದು ಇಷ್ಟು: ಬೆನ್ನೆಲುಬಿನ ನಡುವಿನ ಡಿಸ್ಕುಗಳು ರಾತ್ರಿ ಮಲಗಿದಾಗ ನೀರು ಹೀರಿಕೊಂಡು ಉಬ್ಬುತ್ತವೆ, ಹಗಲು ಮೈಭಾರಕ್ಕೆ ಹಿಂಡಿಕೊಂಡು ಕುಗ್ಗುತ್ತವೆ. ಬೆಳಿಗ್ಗೆ ನಾವು ರಾತ್ರಿಗಿಂತ ಒಂದು, ಒಂದೂವರೆ ಸೆಂಟಿಮೀಟರ್ ಎತ್ತರ ಇರುವುದು ಇದಕ್ಕೇ. ಉಬ್ಬಿದ ಡಿಸ್ಕಿನ ಮೇಲೆ ಬಗ್ಗಿದಾಗ ಬೀಳುವ ಎಳೆತ ಜಾಸ್ತಿ. ಎದ್ದ ಮೊದಲ ಒಂದು ಗಂಟೆ ಬೆನ್ನು ಬಗ್ಗಿಸುವ ಕೆಲಸ ಬೇಡ. 1998ರಲ್ಲಿ ಅಮೆರಿಕದಲ್ಲಿ ಸ್ಟೋವರ್ ಸ್ನೂಕ್ ಎಂಬವರ ತಂಡ ಹಳೆಯ ಸೊಂಟ ನೋವಿನವರಿಗೆ ಬೆಳಗಿನ ಹೊತ್ತು ಬಗ್ಗದಿರಲು ಹೇಳಿಕೊಟ್ಟು, ಅಷ್ಟರಿಂದಲೇ ನೋವಿನ ದಿನಗಳು ಕಡಿಮೆಯಾದದ್ದನ್ನು ಕಂಡಿತಂತೆ. ಯೋಚಿಸಿ ನೋಡಿ, ಮುಂಬಯಿಯ ಉಪನಗರಗಳಲ್ಲಿ ಎಷ್ಟು ಸಾವಿರ ಮನೆಗಳಲ್ಲಿ ದಿನ ಶುರುವಾಗುವುದೇ ಬಕೆಟ್ಟು ಎತ್ತುವುದರಿಂದ! ಬೈಗುಳ ಮಾತ್ರ ಗಾಡಿಗೆ.

ನಾನು ಮಾಡಿದ್ದು ಸುಲಭದ ಉಪಾಯ. ನಲ್ಲಿಗೆ ಒಂದು ಪೈಪು ಹಾಕಿ ಡ್ರಮ್ಮಿಗೆ ಬಿಟ್ಟೆ. ಹದಿನಾಲ್ಕು ವರ್ಷ ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ.

ಆಮೇಲೆ ಬ್ಯಾಗು. ಅವಳ ಮಾತು ಕೇಳಿ ಒಂದು ದಿನ ಕೆಳಗಿನ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ನನ್ನ ಆಫೀಸು ಬ್ಯಾಗು ಇಟ್ಟೆ. ಆರೂವರೆ ಕಿಲೋ! ಮೂರು ಅಂತಸ್ತಿನ ಸ್ಟೀಲಿನ ಡಬ್ಬಿ, ಒಂದು ಲೀಟರ್ ನೀರು, ಕೊಡೆ, ಯಾವುದೋ ಹಳೆಯ ಫೈಲು, ಎರಡು ತಿಂಗಳಿನಿಂದ ಓದದೆ ಹೊತ್ತುಕೊಂಡಿದ್ದ ಒಂದು ದಪ್ಪ ಕಾದಂಬರಿ. ಇಷ್ಟೂ ಒಂದೇ ಹೆಗಲಿಗೆ. ಈಗಿನ ಹುಡುಗರಿಗೆ ಇದರ ಮೇಲೆ ಲ್ಯಾಪ್‌ಟಾಪು. ಮೊನ್ನೆ ನನ್ನ ಸೋದರಳಿಯನ ಬ್ಯಾಗನ್ನೂ ತೂಗಿಸಿದೆ, ಎಂಟು ಕಿಲೋಗೆ ಸ್ವಲ್ಪ ಕಮ್ಮಿ. ಎರಡೂ ಹೆಗಲಿಗೆ ಹಾಕುವ ಬ್ಯಾಗು, ಪಟ್ಟಿ ಬಿಗಿಯಾಗಿ, ಭಾರ ಬೆನ್ನಿಗೆ ಅಂಟಿಕೊಂಡಿರಬೇಕು. ಗಾಡಿಯೊಳಗೆ ಅದನ್ನು ಎದೆಗೆ ಹಾಕಿಕೊಳ್ಳುವುದು ಜೇಬುಗಳ್ಳರ ಭಯಕ್ಕೆ ಸರಿ, ಹಿಂದಿನವರಿಗೂ ಉಪಕಾರ, ಆದರೆ ಮುಕ್ಕಾಲು ಗಂಟೆ ಎದೆಯ ಮೇಲೆ ಎಂಟು ಕಿಲೋ ತೂಗಿದರೆ ಸೊಂಟ ಹಿಂದಕ್ಕೆ ಬಾಗಿ ನಿಲ್ಲುತ್ತದೆ. ರ‍್ಯಾಕಿಗೆ ದಾಟಿಸಿ. ನೀವೇ ತಿರುಚಿಕೊಂಡು ಎತ್ತಬೇಡಿ, ಕಿಟಕಿ ಕಡೆ ಕೂತವರಿಗೆ ಕೊಡಿ. ಮುಂಬಯಿಯಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ, ಗುರುತಿಲ್ಲದವನ ಬ್ಯಾಗನ್ನು ಕೈಯಿಂದ ಕೈಗೆ ದಾಟಿಸಿ ಮೇಲಿಡುವ ಊರು ಇದು. ಪರ್ಸನ್ನು ಹಿಂದಿನ ಕಿಸೆಯಲ್ಲಿಟ್ಟು ಕೂರಬೇಡಿ ಎಂದು ಪುಸ್ತಕದಲ್ಲೆಲ್ಲ ಬರೆದಿರುತ್ತಾರೆ. ಅದನ್ನು ನಮಗೆ ಹೇಳಬೇಕಾಗಿಲ್ಲ, ಪಾಕೀಟುಮಾರರು ಎಂದೋ ಕಲಿಸಿದ್ದಾರೆ.

ಇನ್ನು ಶೇರ್ ರಿಕ್ಷಾ. ಹಿಂದೆ ಮೂವರು, ಡ್ರೈವರನ ಪಕ್ಕ ಅರ್ಧ ಕುಂಡೆ ಊರಿಕೊಂಡು ಒಬ್ಬ. ಆ ಒಬ್ಬ ಹದಿನೈದು ವರ್ಷ ನಾನೇ ಆಗಿದ್ದೆ, ಬೇಗ ಇಳಿದು ಓಡಬಹುದು ಅಂತ. ಸೊಂಟ ಒಂದು ಕಡೆ, ಮುಖ ಒಂದು ಕಡೆ, ಮಳೆಗಾಲದ ಗುಂಡಿಗಳ ಮೇಲೆ ಧಡ್ ಧಡ್. ಈಗ ಸ್ಟೇಷನ್ನಿಗೆ ನಡೆದೇ ಹೋಗುತ್ತೇನೆ, ಹದಿನೆಂಟು ನಿಮಿಷ. ಇದಕ್ಕೂ ಆಧಾರವಿದೆ. 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಸೊಂಟ ನೋವಿನಿಂದ ಗುಣವಾದ 701 ಜನರಲ್ಲಿ ಅರ್ಧ ಜನಕ್ಕೆ ಹಂತಹಂತವಾಗಿ ನಡಿಗೆ ಕಲಿಸಿದರು, ಉಳಿದವರನ್ನು ಹಾಗೇ ಬಿಟ್ಟರು. ಹಾಗೇ ಬಿಟ್ಟವರಿಗೆ ನೋವು ಮರುಕಳಿಸಲು ಹಿಡಿದದ್ದು ಮಧ್ಯಮ ಲೆಕ್ಕದಲ್ಲಿ 112 ದಿನ, ನಡೆದವರಿಗೆ 208 ದಿನ. ಖರ್ಚಿಲ್ಲದ ಮದ್ದು ಇದಕ್ಕಿಂತ ಬೇರೆ ಯಾವುದಿದೆ? ರಿಕ್ಷಾದ ದುಡ್ಡೂ ಉಳಿಯಿತು.

ಈಗ ಗಾಡಿಗೆ ಬರೋಣ. ನಿಲ್ಲುವುದರಲ್ಲಿ ತಪ್ಪೇನಿಲ್ಲ. ಕಾಲುಗಳ ನಡುವೆ ಸ್ವಲ್ಪ ಅಂತರ, ಒಂದು ಪಾದ ಮುಂದೆ, ಮಂಡಿ ಬಿಗಿಹಿಡಿಯದೆ ಸಡಿಲ, ಹಿಡಿ ಹಿಡಿದ ಕೈ ಆಗಾಗ ಬದಲು. ಬ್ರೇಕು ಹಾಕಿದಾಗ ಮೈ ಗಾಡಿಯ ಜೊತೆ ತೂಗಿದರೆ ಸೊಂಟಕ್ಕೆ ಏಟು ಬೀಳುವುದಿಲ್ಲ. ರೈಲ್ವೆಯವರ ಭಾಷೆಯಲ್ಲಿ 'ಸೂಪರ್ ಡೆನ್ಸ್ ಕ್ರಶ್ ಲೋಡ್' ಅಂತ ಒಂದಿದೆ, ಒಂದು ಚದರ ಮೀಟರಿಗೆ ಹದಿನಾಲ್ಕರಿಂದ ಹದಿನಾರು ಜನ ನಿಂತ ಸ್ಥಿತಿ. ಅಷ್ಟಾದಾಗ ಪಾದ ಎಲ್ಲಿದೆ ಎಂದು ನಮಗೇ ಗೊತ್ತಿರುವುದಿಲ್ಲ, ಆಗ ಈ ಉಪದೇಶವೆಲ್ಲ ವ್ಯರ್ಥ, ಅದೂ ನಿಜ.

ನನ್ನ ನಿಜವಾದ ಜಗಳ ನಾಲ್ಕನೇ ಸೀಟಿನ ಜೊತೆ. ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಸೆಕೆಂಡ್ ಕ್ಲಾಸಿನ ಬೆಂಚು ಮೂವರಿಗೆ. ಆದರೆ "ಥೋಡಾ ಸರಕೋ" ಅಂದರೆ ಮೂವರೂ ನಾಲ್ಕು ಬೆರಳು ಸರಿದು ನಾಲ್ಕನೆಯವನಿಗೆ ಜಾಗ ಮಾಡುತ್ತಾರೆ. ಈ ದೊಡ್ಡ ಮನಸ್ಸಿನ ಬಗ್ಗೆ ನಮ್ಮ ಕನ್ನಡದವರೂ ಎಷ್ಟೋ ಬರೆದಿದ್ದಾರೆ, ನಾನೂ ಹಾಡಿ ಹೊಗಳಿದ್ದೇನೆ. ಆದರೆ ಆ ನಾಲ್ಕನೆಯವನ ಸೊಂಟವನ್ನು ಯಾರಾದರೂ ಕೇಳಿದ್ದಾರಾ? ಒಂದು ತೊಡೆ ಬೆಂಚಿನ ಮೇಲೆ, ಇನ್ನೊಂದು ಗಾಳಿಯಲ್ಲಿ. ಒಂದು ಕಾಲು ದಾರಿಗೆ ಚಾಚಿ ಇಡೀ ಮೈಯ ತೂಕ ತಡೆಯಬೇಕು. ಹಿಂದೆ ಒರಗಲು ಇಲ್ಲ. ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಬಗ್ಗಿ ಮೊಬೈಲು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ಮೂಳೆ ವೈದ್ಯರು ಜೀವಂತ ಮನುಷ್ಯರ ಡಿಸ್ಕಿಗೇ ಸೂಜಿ ಚುಚ್ಚಿ ಒಳಗಿನ ಒತ್ತಡ ಅಳೆದರು. ಆಧಾರವಿಲ್ಲದೆ ಕೂತಾಗ ನಿಂತದ್ದಕ್ಕಿಂತ ಒತ್ತಡ ಹೆಚ್ಚು ಅಂದರು. 1999ರಲ್ಲಿ ಜರ್ಮನಿಯ ವಿಲ್ಕೆ ತಂಡ ಮತ್ತೆ ಅಳೆದು, ಹಾಗೇನಿಲ್ಲ, ಆರಾಮಾಗಿ ಹಿಂದೆ ಒರಗಿ ಕೂತರೆ ಕಮ್ಮಿಯೇ ಎಂದಿತು. ಕೂರುವುದರ ಬಗ್ಗೆ ಜಗಳ ಇದ್ದರೂ ಮುಂದೆ ಬಗ್ಗಿದಾಗ, ಬಗ್ಗಿ ಭಾರ ಎತ್ತಿದಾಗ ಒತ್ತಡ ಏರುತ್ತದೆ ಅನ್ನುವುದರಲ್ಲಿ ಇಬ್ಬರಿಗೂ ಜಗಳವಿಲ್ಲ. ನಾಲ್ಕನೇ ಸೀಟಿನಲ್ಲಿ ಒರಗುವುದು ಇಲ್ಲ, ಬಗ್ಗುವುದು, ತಿರುಚುವುದು ಎರಡೂ ಉಂಟು. ಸಿಕ್ಕಿದ್ದು ಸೀಟು ಎಂದು ನಾವು ತಿಳಿಯುತ್ತೇವೆ, ಅದು ಒಂದು ಗಂಟೆಯ ಶಿಕ್ಷೆ. ನಿಂತುಕೊಳ್ಳಿ ಮಾರಾಯ್ರೆ!

ಅದಕ್ಕಿಂತ ಒಳ್ಳೆಯದು, ಒಂದು ಗಾಡಿ ಬಿಟ್ಟುಬಿಡಿ. ನಮ್ಮ ಡೊಂಬಿವಲಿಯಿಂದಲೇ ಹೊರಡುವ ಲೋಕಲ್ಲುಗಳಿವೆ. ಸ್ಲೋ ಆದರೆ ಹದಿನೈದು-ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಖಾಲಿ ಬರುತ್ತದೆ, ಒರಗಿ ಕೂರಬಹುದು. ಈ ಮಾತಿಗೆ ಎಲ್ಲರೂ ನಗುತ್ತಾರೆ. ನನ್ನ ಗಾಡಿಯ ಗೆಳೆಯ ಶೆಟ್ರು "ಭಟ್ರೇ, ಇಪ್ಪತ್ತು ನಿಮಿಷ ಅಂದ್ರೆ ಮಸ್ಟರಿನಲ್ಲಿ ಕೆಂಪು ಗೆರೆ" ಅಂದರು. ಸರಿಯಾದ ಮಾತು, ಅದಕ್ಕೆ ಆಮೇಲೆ ಬರುತ್ತೇನೆ. ಎಸಿ ಲೋಕಲ್ ಬಂದ ಮೇಲೆ (ಮೊದಲನೆಯದು 2017ರ ಕ್ರಿಸ್‌ಮಸ್ಸಿಗೆ ಬೊರಿವಿಲಿ-ಚರ್ಚ್‌ಗೇಟ್ ನಡುವೆ ಓಡಿತು) ನನಗೆ ಹಿಡಿಸಿದ್ದು ಅದರ ತಂಪಲ್ಲ, ಬಾಗಿಲು. ಗಾಡಿ ನಿಲ್ಲದೆ ಅದು ತೆರೆಯುವುದೇ ಇಲ್ಲ, ಹಾರುವ ಪ್ರಶ್ನೆಯೇ ಇಲ್ಲ. 2003ರಲ್ಲಿ ಅಂಥದೊಂದು ಬಾಗಿಲು ಇದ್ದಿದ್ದರೆ...

ಗಾಡಿಯೇ ಪೂರ್ತಿ ಕಾರಣ ಅನ್ನುವವರಿಗೆ 2020ನ್ನು ನೆನಪಿಸುತ್ತೇನೆ. ಮಾರ್ಚಿನಲ್ಲಿ ಲೋಕಲ್ ನಿಂತಿತು, ಸಾಮಾನ್ಯ ಜನಕ್ಕೆ ಮತ್ತೆ ಹತ್ತಲು ಬಿಟ್ಟದ್ದು 2021ರ ಫೆಬ್ರವರಿ 1ರಂದು, ಅದೂ ಗೊತ್ತುಪಡಿಸಿದ ಹೊತ್ತಿನಲ್ಲಿ ಮಾತ್ರ. ಹತ್ತು ತಿಂಗಳು ನನಗೆ ಗರ್ದಿ ಇಲ್ಲ, ಧಕ್ಕೆ ಇಲ್ಲ. ಮಂಚದ ಮೇಲೆ ಕಾಲು ಚಾಚಿ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಫೀಸು. ಹದಿನೇಳು ವರ್ಷದ ಮೇಲೆ ಸೊಂಟ ಮತ್ತೆ ಹಿಡಿದುಕೊಂಡದ್ದು ಆಗಲೇ! ಅಲ್ಲಾಡದೆ ಕೂತದ್ದಕ್ಕೆ. ಸ್ಟೇಷನ್ನಿನ ಮೆಟ್ಟಿಲು, ನಡಿಗೆ, ನಿಲ್ಲುವುದು, ಇವೆಲ್ಲ ನನ್ನನ್ನು ಅಷ್ಟು ವರ್ಷ ಕಾಪಾಡಿದ್ದವು ಎಂದು ಅದು ನಿಂತ ಮೇಲೆ ಗೊತ್ತಾಯಿತು.

ಬೆಲ್ಟಿನ ವಿಷಯಕ್ಕೆ ಬಂದರೆ, ನಾನು ಅಳಿಯನಿಗೆ ಹೇಳಿದ್ದು ನನ್ನ ಸ್ವಂತ ಮಾತಲ್ಲ. 2016ರಲ್ಲಿ ಅಲ್ಲಿಯವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಆಸ್ಟ್ರೇಲಿಯಾದ ಸಂಶೋಧಕರು ವ್ಯಾಯಾಮವೂ ತಿಳಿವಳಿಕೆಯೂ ಸೇರಿದರೆ ಒಂದು ವರ್ಷದೊಳಗೆ ಸೊಂಟ ನೋವು ಬರುವ ಸಂಭವ ಸುಮಾರು ಶೇಕಡಾ 45ರಷ್ಟು ತಗ್ಗುತ್ತದೆ ಎಂದರು, ಬೆಲ್ಟು ಮತ್ತು ಬೂಟಿನೊಳಗಿನ ಮೆತ್ತೆ ತಡೆಯುವಂತೆ ಕಾಣಲಿಲ್ಲ ಎಂದರು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟ ನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲೂ ಬೆಲ್ಟು, ಟ್ರ್ಯಾಕ್ಷನ್ ಬೇಡದ ಪಟ್ಟಿಯಲ್ಲಿವೆ, ವ್ಯಾಯಾಮ ಬೇಕಾದ ಪಟ್ಟಿಯಲ್ಲಿದೆ. ನಾನು ಸಂಜೆ ಹತ್ತು ನಿಮಿಷ ಮಾಡುವುದು ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಹೇಳಿದ ಮೂರು ವ್ಯಾಯಾಮ. ಅದರಲ್ಲೊಂದು, ಅಂಬೆಗಾಲಿನಲ್ಲಿ ನಿಂತು ಬಲಗೈ ಮುಂದೆ, ಎಡಗಾಲು ಹಿಂದೆ ನೇರವಾಗಿ ಚಾಚಿ ಹತ್ತು ಸೆಕೆಂಡು ಹಿಡಿಯುವುದು, ಆಮೇಲೆ ಕೈಕಾಲು ಬದಲು. ಮೊದಲ ಸಲ ಕಂಡಾಗ ಮಗಳು ಫೋಟೋ ತೆಗೆದು ಇಡೀ ಸಂಸಾರಕ್ಕೆ ಕಳಿಸಿದ್ದಳು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸೊಂಟ ನೋವಿನ ಜೊತೆ ಮೂತ್ರದ ಮೇಲಿನ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲು ಸೋಲುತ್ತಾ ಹೋದರೆ, ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಈ ಬರಹ ಓದುತ್ತಾ ಕೂರಬೇಡಿ. ಆ ದಿನವೇ ಡಾಕ್ಟರರ ಹತ್ತಿರ ಹೋಗಿ.

ಇಷ್ಟೆಲ್ಲ ಹೇಳಿದರೆ "ನಿಮ್ಮದು ಬರೀ ಬ್ಯಾಗಿನ ಕಥೆ, ನಮ್ಮದು?" ಎಂದಳು ಮನೆಯಾಕೆ. ಅವಳು ಠಾಣೆಯ ಶಾಲೆಯೊಂದಕ್ಕೆ ಇಪ್ಪತ್ತೆರಡು ವರ್ಷ ಹೋಗಿ ಬಂದವಳು. ನಾನು ಬಕೆಟ್ಟು ಎತ್ತುವುದು ಬಿಟ್ಟ ಮೂರು ವಾರ ಎತ್ತಿದ್ದು ಅವಳೇ. ಲೇಡೀಸ್ ಡಬ್ಬಿಯ ಹಿಡಿಗಳು ಕುಳ್ಳಗಿನ ಹೆಂಗಸರಿಗೆ ಸರಿಯಾಗಿ ಎಟುಕುವುದಿಲ್ಲವಂತೆ, ತುದಿಗಾಲಿನಲ್ಲಿ ನಿಲ್ಲಬೇಕು, ಇಲ್ಲವೇ ಸೀಟಿನ ಮೂಲೆ ಹಿಡಿದು ಓರೆಯಾಗಿ ನಿಲ್ಲಬೇಕು. ಬರುವಾಗ ಕೈಯಲ್ಲಿ ತರಕಾರಿ ಚೀಲ. ಬಂದ ಮೇಲೆ ಒಲೆ. ಸಂಜೆಯ ಹತ್ತು ನಿಮಿಷದ ವ್ಯಾಯಾಮ ಯಾರಿಗೆ ಸಿಗುತ್ತದೆ ಅನ್ನುವುದೂ ಒಂದು ಪ್ರಶ್ನೆಯೇ. ನನ್ನ ಹತ್ತಿರ ಉತ್ತರ ಇರಲಿಲ್ಲ, ಎದ್ದು ಪಾತ್ರೆ ತೊಳೆದೆ.

ಹಾಗಾಗಿ ಇದೆಲ್ಲ ನಮ್ಮ ನಮ್ಮ ಜವಾಬ್ದಾರಿ ಎಂದು ಕೈತೊಳೆದುಕೊಳ್ಳುವ ಪೈಕಿ ನಾನಲ್ಲ. 2014ರ ಜನವರಿಯಲ್ಲಿ ಘಾಟ್ಕೋಪರಿನಲ್ಲಿ ಒಬ್ಬ ಕಾಲೇಜು ಹುಡುಗಿ ಗಾಡಿಗೂ ಪ್ಲಾಟ್‌ಫಾರಮ್ಮಿಗೂ ನಡುವಿನ ಸಂದಿಗೆ ಬಿದ್ದು ಎರಡೂ ಕೈ ಕಳೆದುಕೊಂಡಳು. ಆಮೇಲೆ ಬಾಂಬೆ ಹೈಕೋರ್ಟು ಹಿಂದೆ ಬಿದ್ದು ಪ್ಲಾಟ್‌ಫಾರಮ್ಮುಗಳನ್ನು ಎತ್ತರಿಸಬೇಕಾಯಿತು. ಅವಳ ನೋವಿನ ಮುಂದೆ ನನ್ನದೇನೂ ಅಲ್ಲ. ಆದರೆ ಇವತ್ತು ನಾನು ದಾದರದಲ್ಲಿ ಹಾರದೆ ಕಾಲಿಟ್ಟು ಇಳಿಯುವುದು ಆ ಎತ್ತರದಿಂದಾಗಿ ಎಂಬುದು ನೆನಪಾಗದ ದಿನ ಇಲ್ಲ. ಶೆಟ್ರ ಮಸ್ಟರಿನ ಮಾತಿಗೂ ಉತ್ತರ ಇದೆ. 2023ರ ನವೆಂಬರಿನಲ್ಲಿ ಮಧ್ಯ ರೈಲ್ವೆ ಮುಂಬಯಿಯ ತನ್ನ ಮುಖ್ಯ ಕಚೇರಿಯವರಿಗೆ ಎರಡು ಹೊತ್ತು ಗೊತ್ತುಮಾಡಿತು, ಒಂದು ಗುಂಪು ಒಂಬತ್ತೂವರೆಗೆ, ಇನ್ನೊಂದು ಹನ್ನೊಂದೂವರೆಗೆ. ನೂರಾರು ಆಫೀಸುಗಳಿಗೂ ಹೀಗೆ ಮಾಡಿ ಎಂದು ಕೇಳಿಕೊಂಡಿತು. ನಮ್ಮ ಎಷ್ಟು ಆಫೀಸುಗಳು ಕಿವಿಗೊಟ್ಟವು? ಫೋರ್ಟಿನಲ್ಲಿ ಈಗಲೂ ಹತ್ತಕ್ಕೆ ಹೋಗದಿದ್ದರೆ ಅರ್ಧ ದಿನದ ರಜೆ ಹಾಕುವ ಜಾಗಗಳಿವೆ. ನೌಕರರಿಗೆ ವರ್ಷಕ್ಕೊಮ್ಮೆ ಯೋಗ ದಿನ ಮಾಡಿಸಿ ಫೋಟೋ ತೆಗೆಸಿಕೊಳ್ಳುವ ಮ್ಯಾನೇಜರುಗಳು ಅದರ ಬದಲು ಅರ್ಧ ಗಂಟೆ ಸಡಿಲು ಕೊಟ್ಟರೆ ಎಷ್ಟೋ ಸೊಂಟ ಉಳಿಯುತ್ತದೆ. ನಮ್ಮಲ್ಲಿ ಎಷ್ಟೋ ಜನ ಈಗ ಅಂಥ ಕುರ್ಚಿಯಲ್ಲಿ ಕೂತಿದ್ದೀರಿ, ನಿಮಗೇ ಹೇಳುತ್ತಿದ್ದೇನೆ.

ಅಳಿಯ ಆ ರಾತ್ರಿ ನಮ್ಮಲ್ಲೇ ಉಳಿದ. ಸೋಮವಾರ ಇಬ್ಬರೂ ಸ್ಟೇಷನ್ನಿಗೆ ನಡೆದೆವು. ಬ್ಯಾಗಿನಿಂದ ಎರಡು ಕಿಲೋ ಸಾಮಾನು ಅವನ ಅತ್ತೆ ಹೊರಗೆ ತೆಗೆದಿಟ್ಟಿದ್ದಳು, ಬೆಲ್ಟು ಇನ್ನೂ ಸೊಂಟದಲ್ಲೇ ಇತ್ತು. ಫಾಸ್ಟ್ ಬಂತು. ಅವನು ಅಭ್ಯಾಸ ಬಲದಿಂದ ಓಡಲು ಬಗ್ಗಿದ, ನಾನು ಬ್ಯಾಗಿನ ಪಟ್ಟಿ ಹಿಡಿದೆ. "ಮಾವ, ಹೋಗುತ್ತೆ!" ಅಂದ. ಹೋಯಿತು. ಮುಂದಿನದು ಬಂದಾಗಲೂ ಗರ್ದಿ ಅಷ್ಟೇ ಇತ್ತು, ಸುಳ್ಳು ಯಾಕೆ ಹೇಳಲಿ. ಒಳಗೆ ಹೊಕ್ಕ ಮೇಲೆ ಮೂವರು ಸರಿದು "ಆವೋ ಅಂಕಲ್" ಅಂದರು. ನಾನು ಅಳಿಯನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಇಬ್ಬರೂ ಕೂರಲಿಲ್ಲ. ಹಿಂದಿನಿಂದ ಬಂದ ಒಬ್ಬರು ದಪ್ಪಗಿನವರು ಖುಷಿಯಿಂದ ಅರ್ಧ ಕೂತು, ಬ್ಯಾಗು ತೊಡೆಗೇರಿಸಿ, ಮೊಬೈಲು ತೆಗೆದು ಬಗ್ಗಿದರು.